ಹಗಲು ಮುಚ್ಚಿದ ಬಾಗಿಲು

ಆದೋನಿಗೆ ಬಂದ ಮೂರನೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಮೂವರು ಹೆಂಗಸರು ನನ್ನ ಮನೆಯ ಬಾಗಿಲು ಬಡಿದು ಸತ್ತವರು ಯಾರು ಎಂದು ಕೇಳಿದರು. ಒಬ್ಬಾಕೆ ಆಗಲೇ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಅಳುವುದಕ್ಕೆ ಸಿದ್ಧವಾಗಿ ನಿಂತಿದ್ದಳು. ನಾನು ತುಟಿಯ ಮೇಲೆ ಬೆರಳಿಟ್ಟು, ನಮ್ಮ ಮನೆಯವರು ರಾತ್ರಿಯೆಲ್ಲ ದುಡಿದು ಬಂದು ಮಲಗಿದ್ದಾರೆ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. ಬಿಳಿ ಹೊದಿಕೆಯ ತುದಿಯಲ್ಲಿ ಎರಡು ಪಾದ ಕಾಣುತ್ತಿದ್ದವು. ಅಷ್ಟರಲ್ಲಿ ಆ ಪಾದಗಳ ಒಡೆಯರು ಮಗ್ಗುಲು ಬದಲಿಸಿ ಗೊರಕೆ ಹೊಡೆದರು. ದೇವರಾಣೆ ಹೇಳುತ್ತೇನೆ, ಮೂವರಲ್ಲಿ ಇಬ್ಬರ ಮುಖದಲ್ಲಿ ನಿರಾಶೆಯೇ ಕಂಡಿತು.

ಮೂರನೆಯವರು ನಮಗೆ ಮನೆ ಬಾಡಿಗೆಗೆ ಕೊಟ್ಟ ಈರಮ್ಮ. ಅರವತ್ತು ದಾಟಿದ ವಿಧವೆ, ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲೇ ಇದ್ದರು. ಮೊದಲು ತೆಲುಗಿನಲ್ಲಿ ಏನೋ ಕೇಳಿದರು. ನಾನು ಪಿಳಿಪಿಳಿ ನೋಡುವುದನ್ನು ಕಂಡು ಕನ್ನಡಕ್ಕೆ ಹೊರಳಿದರು.

“ಗಂಡ ಜೀವಂತ ಅದಾನಲ್ಲವ್ವ. ಮತ್ತ ಬಾಕ್ಲ ಯಾಕ ಹಾಕೀದಿ?”

ಆ ಓಣಿಯ ಕಟ್ಟಳೆ ಹಾಗೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ತೆರೆದ ಬಾಗಿಲು ದೀಪ ಹಚ್ಚಿ ಊಟ ಮುಗಿಯುವವರೆಗೂ ತೆರೆದೇ ಇರಬೇಕು. ಹಗಲು ಹೊತ್ತು ಬಾಗಿಲು ಮುಚ್ಚಿದರೆ ಒಳಗೆ ಹೆಣವಿರಬೇಕು, ಇಲ್ಲವೇ ಮನೆಯವರೆಲ್ಲ ಊರು ಬಿಟ್ಟಿರಬೇಕು, ಇಲ್ಲವೇ ಬಾಯಿಬಿಟ್ಟು ಹೇಳಲಾಗದ ಸಂಗತಿ ನಡೆದಿರಬೇಕು. ನಾಲ್ಕನೆಯದು ಅವರಿಗೆ ಗೊತ್ತಿರಲಿಲ್ಲ. ನಮ್ಮ ದಾವಣಗೆರೆಯಲ್ಲಾದರೆ ಮಿಲ್ಲಿನ ಹಿಂದಿನ ಸಾಲುಗಳಲ್ಲಿ ಅರ್ಧಕ್ಕರ್ಧ ಬಾಗಿಲು ಹಗಲೇ ಮುಚ್ಚಿರುತ್ತವೆ. ಯಾವ ಮನೆಯಲ್ಲಿ ಯಾವ ಪಾಳಿಯವರಿದ್ದಾರೆಂದು ಸೊಪ್ಪು ಮಾರುವವಳಿಗೂ ಗೊತ್ತು. ಅಲ್ಲಿ ಹುಟ್ಟಿ ಬೆಳೆದ ನನಗೆ, ಮನುಷ್ಯ ಹಗಲು ಮಲಗುವುದನ್ನು ಒಂದು ಊರಿಗೆ ವಿವರಿಸಿ ಹೇಳಬೇಕಾಗುತ್ತದೆ ಎಂಬುದೇ ಹೊಳೆದಿರಲಿಲ್ಲ.

ನಾವು ಆದೋನಿಗೆ ಬಂದದ್ದು ಆಸೆಯಿಂದಲ್ಲ. ದಾವಣಗೆರೆಯ ಮಿಲ್ಲಿನಲ್ಲಿ ಮೇಲಿನವನೊಬ್ಬನ ಜೊತೆ ನಮ್ಮ ಮನೆಯವರಿಗೆ ಮಾತಿಗೆ ಮಾತು ಬೆಳೆಯಿತು. ತಪ್ಪಾಯಿತು ಅನ್ನಿ, ಇರಿಸಿಕೊಳ್ಳುತ್ತೇವೆ ಎಂದರಂತೆ. ಇವರು ಅನ್ನಲಿಲ್ಲ. ಮನೆಗೆ ಬಂದು ಹಾಗೆಂದಾಗ ನಾನೂ ಅನ್ನಬೇಡಿ ಎಂದೆ. ಹೀಗಾಗಿ ಕೆಲಸ ಹೋದದ್ದರಲ್ಲಿ ನನ್ನದೂ ಪಾಲಿದೆ. ಆಮೇಲೆ ಯಾರೋ ಗುರುತಿನವರು, ಆದೋನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಸುಗ್ಗಿಯ ಕಾಲದಲ್ಲಿ ರಾತ್ರಿಯೂ ನಡೆಯುತ್ತವೆ, ಯಂತ್ರ ಬಲ್ಲವರು ಬೇಕಾಗಿದ್ದಾರೆ ಎಂದು ಬರೆದರು. ಒಂದು ಟ್ರಂಕು, ಎರಡು ಚಾಪೆ, ರೊಟ್ಟಿ ಹೆಂಚು ಹೊತ್ತು ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬಂದಿಳಿದೆವು. ಕೆಲಸ ಸಿಕ್ಕಿತು, ಆದರೆ ರಾತ್ರಿ ಪಾಳಿ ಮಾತ್ರ. ಹೊಸಬನಿಗೆ ಹಗಲು ಯಾರು ಕೊಡುತ್ತಾರೆ? ಈ ಕೆಲಸವೂ ಕೈಬಿಟ್ಟರೆ ಉಳಿದಿದ್ದು ನನ್ನ ಅಣ್ಣನ ಮನೆಯ ಹಿತ್ತಲ ಕೋಣೆ, ಅತ್ತಿಗೆಯ ನಿಟ್ಟುಸಿರು. ಅಲ್ಲಿಗೆ ಕೈಯೊಡ್ಡಿ ಹೋಗುವುದಿಲ್ಲವೆಂದು ನಾನು ರೈಲಿನಲ್ಲೇ ಹಲ್ಲು ಕಚ್ಚಿಕೊಂಡಿದ್ದೆ.

ಮಿಲ್ಲಿನ ಹತ್ತಿರದ ಮನೆಗಳೆಲ್ಲ ಹಳಬರಿಗೆ. ನಮಗೆ ಸಿಕ್ಕಿದ್ದು ಊರ ಅಂಚಿನ ಒಕ್ಕಲಿಗರ, ಬಂಡಿ ಹೊಡೆಯುವವರ ಓಣಿ. ಮನೆಯನ್ನು ಇಲ್ಲಿ ಮಿದ್ದೆ ಅನ್ನುತ್ತಾರೆ. ಹೆಂಚಿಲ್ಲ, ಇಳಿಜಾರಿಲ್ಲ. ತೊಲೆಗಳ ಮೇಲೆ ಮಣ್ಣು ಬಡಿದು ಮಾಡಿದ ಚಪ್ಪಟೆ ಮಾಳಿಗೆ, ನಡುವೆ ಬೆಳಕಿಗೊಂದು ತೂತು. ಆ ತೂತಿಗೆ ಗವಾಕ್ಷಿಯೆಂದು ದೊಡ್ಡ ಹೆಸರು. ಒಂಬತ್ತು ಗಂಟೆಗೆ ಅದರಿಂದ ಬಿಸಿಲಿನ ಒಂದು ತುಂಡು ಗೋಡೆಯ ಮೇಲೆ ಬೀಳುತ್ತಿತ್ತು. ಹತ್ತಕ್ಕೆ ನೆಲಕ್ಕಿಳಿಯುತ್ತಿತ್ತು. ಹನ್ನೊಂದಕ್ಕೆ ಸರಿಯಾಗಿ ನಮ್ಮ ಮನೆಯವರ ಮುಖದ ಮೇಲೆ ಬಂದು ಕೂರುತ್ತಿತ್ತು. ನಾನು ಏಣಿ ಕಡ ತಂದು ಮಾಳಿಗೆ ಹತ್ತಿ ಗವಾಕ್ಷಿಯ ಮೇಲೆ ಗೋಣಿಚೀಲ ಹೊದಿಸಿ ಕಲ್ಲಿಟ್ಟೆ. ಹೆಂಗಸು ಮಾಳಿಗೆ ಹತ್ತಿದ್ದು ಓಣಿಗೆ ಎರಡು ದಿನದ ಮಾತಾಯಿತು. ಆಡಿಕೊಳ್ಳಲಿ, ಕತ್ತಲೆಯಂತೂ ಸಿಕ್ಕಿತು.

ಕತ್ತಲೆ ಸಿಕ್ಕರೆ ಸೆಕೆ ಬಂತು. ನೆಲಕ್ಕೆ ನೀರು ಚೆಲ್ಲಿ ಒರೆಸಿ ಅದರ ಮೇಲೆ ಚಾಪೆ ಹಾಸುವುದನ್ನು ಕಲಿತೆ. ಸೆಕೆ ತಗ್ಗಿದರೆ ನೊಣ. ಹಳೆಯ ಸೀರೆಯೊಂದನ್ನು ಮೂಲೆಯಿಂದ ಮೂಲೆಗೆ ಕಟ್ಟಿ ಪರದೆ ಮಾಡಿದೆ. ಅವರು ಬೆಳಿಗ್ಗೆ ಏಳೂವರೆಗೆ ಹತ್ತಿಯ ದೂಳು ಹುಬ್ಬಿನ ಮೇಲೆ ಹೊತ್ತು ಬಂದಾಗ ಬಿಸಿ ಊಟ ಹಾಕಿದರೆ ಹೊಟ್ಟೆ ಉರಿದು ನಿದ್ದೆ ಬರುತ್ತಿರಲಿಲ್ಲ. ಹೀಗಾಗಿ ರೊಟ್ಟಿಯ ಬದಲು ಮಜ್ಜಿಗೆ ಕಲಸಿದ ನವಣೆ ಅನ್ನ. ನವಣೆಗೆ ಇಲ್ಲಿ ಕೊರ್ರ ಅನ್ನುತ್ತಾರೆ. ನಮ್ಮ ಮಂಡಕ್ಕಿ ಇಲ್ಲಿ ಬೊರುಗುಲು. ಅದನ್ನು ನೆನೆಸಿ ಒಗ್ಗರಣೆ ಹಾಕಿ ಉಗ್ಗಾಣಿ ಎಂದು ಕರೆದು ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುತ್ತಾರೆ. ಇದೇನು ಆದೋನಿಯ ವಿಶೇಷ, ನಮ್ಮೂರಲ್ಲಿ ದಿನವೂ ತಿಂದು ಬೆಳೆದಿದ್ದೇವೆ ಎಂದು ನಾನು ಒಮ್ಮೆ ಅಂಗಡಿಯವನ ಎದುರು ಅಂದು ಬೈಸಿಕೊಂಡೆ. ಒಂದೇ ತಿಂಡಿಗೆ ಎರಡು ಊರು ಜಗಳವಾಡಬಹುದೆಂದು ಅವತ್ತು ತಿಳಿಯಿತು. ಒಗ್ಗರಣೆ ನಮ್ಮದೇ ಚೆಂದ ಎಂದು ಈಗಲೂ ಹೇಳುತ್ತೇನೆ.

ಆದರೆ ಕತ್ತಲೆ, ತಂಪು, ಊಟ ಎಲ್ಲವನ್ನೂ ಗೆದ್ದ ನಾನು ಒಂದರ ಮುಂದೆ ಸೋತೆ. ಅದು ಸದ್ದು.

ಬಳೆಯವನು ಬಂದ, ಕಲಾಯಿಯವನು ಬಂದ, ಉಪ್ಪಿನವಳು ಬಂದಳು. ಯಾರೂ ಬರದಿದ್ದರೆ ಈ ಬಾಗಿಲಿನವರು ಆ ಬಾಗಿಲಿನವರನ್ನು ಕೂಗಿ ಬೇಳೆ ಬೆಂದಿತೇ ಎಂದು ಕೇಳುತ್ತಿದ್ದರು. ಇಲ್ಲಿ ಹತ್ತಿರ ಹೋಗಿ ಮಾತಾಡಿದರೆ ಅದು ಚಾಡಿ, ದೂರದಿಂದ ಕೂಗಿದರೆ ಅದು ವಿಶ್ವಾಸ. ಇವೆಲ್ಲಕ್ಕೂ ಕಿರೀಟದಂತೆ ಎದುರು ಮನೆಯ ಹುಸೇನ್‌ಬಿಯ ಒರಳು. ಅವಳು ನನಗಿಂತ ನಾಲ್ಕೈದು ವರ್ಷ ಹಿರಿಯಳು. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಒಣಮೆಣಸಿನಕಾಯಿ ಕುಟ್ಟಿ ಖಾರದಪುಡಿ ಮಾಡಿ ಮನೆಮನೆಗೆ ಕೊಟ್ಟು ಬದುಕುತ್ತಿದ್ದಳು. ಬಿಸಿಲೇರಿ ಮೆಣಸಿನಕಾಯಿ ಗರಿಗರಿಯಾದ ಹೊತ್ತಿಗೆ, ಒಂಬತ್ತರ ಸುಮಾರಿಗೆ, ತುದಿಗೆ ಕಬ್ಬಿಣದ ಬಳೆ ತೊಡಿಸಿದ ಒನಕೆ ಎತ್ತಿದರೆ ಮಧ್ಯಾಹ್ನದವರೆಗೂ ನಿಲ್ಲಿಸುತ್ತಿರಲಿಲ್ಲ. ಒಂದೊಂದು ಏಟಿಗೂ ನಮ್ಮ ಗೋಡೆಯ ಗೂಡಿನಲ್ಲಿದ್ದ ಲೋಟ ಅಲುಗುತ್ತಿತ್ತು. ಮೇಲೆ ಘಾಟು ಬೇರೆ. ಮಲಗಿದವರು ಸೀನುತ್ತಾ ಎದ್ದು ಕೂರುತ್ತಿದ್ದರು.

ನಾನು ಸುಮ್ಮನಿರುವ ಜಾತಿಯವಳಲ್ಲ. ಕೈಯಲ್ಲೊಂದು ಬಡಿಗೆ ಹಿಡಿದು ಹೊಸ್ತಿಲ ಹೊರಗೆ ಕೂರತೊಡಗಿದೆ. ಬಳೆಯವನನ್ನು ಓಣಿಯ ತುದಿಯಿಂದಲೇ ಅಟ್ಟಿದೆ. ಕಲಾಯಿಯವನ ತಿದಿಯ ಮೇಲೆ ನೀರು ಹಾಕುತ್ತೇನೆಂದು ಹೆದರಿಸಿದೆ. ಹುಸೇನ್‌ಬಿಯ ಜೊತೆ ದಿನಕ್ಕೆರಡು ಬಾರಿ ಜಗಳ. ಅವಳ ಕನ್ನಡದಲ್ಲಿ ಉರ್ದು, ನನ್ನ ಕನ್ನಡದಲ್ಲಿ ಸಿಟ್ಟು. ನಾನು ಬೈದರೆ ಅವಳು ಒನಕೆಯನ್ನು ಇನ್ನೊಂದು ಮೊಳ ಎತ್ತರಕ್ಕೆ ಎತ್ತುತ್ತಿದ್ದಳು. ಓಣಿಯಲ್ಲಿ ನನಗೆ ದಾವಣಗೆರಿಯಾಕಿ ಎಂದು ಹೆಸರು ಬಿತ್ತು. ಹಗಲು ಮಲಗುವ ಗಂಡ, ಬಡಿಗೆ ಹಿಡಿದ ಹೆಂಡತಿ ಎಂದು ಮಕ್ಕಳು ನಮ್ಮ ವೇಷದ ಆಟ ಆಡುತ್ತಿದ್ದವು. ಆಟದಲ್ಲಿ ನನ್ನ ಪಾತ್ರಕ್ಕೆ ಬಲು ಬೇಡಿಕೆಯಿತ್ತಂತೆ.

ಓದುವವರು ಒಂದು ನಿದ್ದೆಗೆ ಇಷ್ಟು ರಂಪವೇ ಎಂದು ನಗಬಹುದು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಜಿನ್ನು ಯಂತ್ರದಲ್ಲಿ ಎರಡು ತೊಗಲಿನ ಉರುಳೆ ತಿರುಗುತ್ತಿರುತ್ತವೆ, ಅವಕ್ಕೆ ಒತ್ತಿಕೊಂಡು ಉದ್ದದ ಅಲಗು ಇರುತ್ತದೆ. ಹತ್ತಿ ಒಂದು ಕಡೆ, ಬೀಜ ಒಂದು ಕಡೆ. ನಡುವೆ ಹತ್ತಿ ಸಿಕ್ಕಿಕೊಂಡರೆ ಬಿಡಿಸುವುದು ಇವರ ಕೆಲಸ. ಯಂತ್ರ ನಿಲ್ಲಿಸಿ ಬಿಡಿಸಬೇಕೆಂದು ನಿಯಮ. ನಿಲ್ಲಿಸಿದರೆ ಕೂಗಾಡುತ್ತಾರೆಂದು ನಡೆಯುತ್ತಿರುವಾಗಲೇ ಕೈ ಹಾಕುವುದು ರೂಢಿ. ನಾವು ಬಂದ ಎರಡನೆಯ ತಿಂಗಳು, ಇವರ ಪಕ್ಕದ ಯಂತ್ರದವನು ಬೆಳಗಿನ ಜಾವ ಒಂದು ಕ್ಷಣ ತೂಕಡಿಸಿದ. ಎರಡು ಬೆರಳು ಹೋದವು. ಅವತ್ತು ಇವರು ಮನೆಗೆ ಬಂದು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದರು. ಅಂಗಿಯ ತೋಳಿಗೆ ಅಂಟಿದ್ದ ಹತ್ತಿ ಕೆಂಪಗಿತ್ತು. ಆ ಅಂಗಿಯನ್ನು ನಾನೇ ಒಗೆದೆ.

ಅಂದಿನಿಂದ ನನಗೆ ರಾತ್ರಿ ನಿದ್ದೆ ಬರುವುದು ನಿಂತಿತು. ಅವರು ಹತ್ತೂವರೆಗೆ ಲಾಂದ್ರ ಹಿಡಿದು ಹೊರಟರೆ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದೆ. ಬೆಳಿಗ್ಗೆ ಬಂದವರ ಕೈಗೆ ನೀರು ಹಾಕುವ ನೆವದಲ್ಲಿ ಬೆರಳು ಎಣಿಸುತ್ತಿದ್ದೆ. ಹಗಲು ಕಾವಲು. ಅವರಿಗೆ ದಿನಕ್ಕೆ ಎರಡು ತಾಸು, ಹೆಚ್ಚೆಂದರೆ ಮೂರು ತಾಸು ನಿದ್ದೆ. ಒಮ್ಮೆ ತುತ್ತು ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿ, ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆ ಕೈ ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಇಡೀ ಓಣಿಯನ್ನು ಒರಳಿಗೆ ಹಾಕಿ ಕುಟ್ಟಬೇಕು ಅನ್ನಿಸಿತು.

ಬೇಸಿಗೆ ಬಿರುಸಾಯಿತು. ಮಾಳಿಗೆಯ ಮಣ್ಣು ಕಾದು ಒಳಗೆ ಒಲೆಯಾಯಿತು. ಒಂದು ಬೆಳಿಗ್ಗೆ ನಾನು ಹಿತ್ತಲಿನ ಬೇವಿನ ಮರದಿಂದ ನಾಲ್ಕು ಕೊಂಬೆ ಮುರಿದು, ನೀರಿನಲ್ಲಿ ಅದ್ದಿ, ಬಾಗಿಲಿಗೂ ಕಿಟಕಿಗೂ ಕಟ್ಟಿದೆ. ಹಾಯ್ದು ಬರುವ ಗಾಳಿ ತಣ್ಣಗಾಗಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಬಾಗಿಲು ಅರ್ಧ ಮುಚ್ಚಿ ಹೊರಗೆ ಕೂತೆ. ನೀರು ತರಲು ಹೊರಟ ಹೆಂಗಸೊಬ್ಬಳು ಬಾಗಿಲು ನೋಡಿ ಗಕ್ಕನೆ ನಿಂತಳು. ಬೇವು ನೋಡಿದಳು, ಒಳಗೆ ಮಲಗಿದವರನ್ನು ನೋಡಿದಳು. ಕೊಡ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದಳು. ಆಮೇಲೆ ಉಸಿರಿನಷ್ಟು ಮೆಲ್ಲಗೆ ಕೇಳಿದಳು, ಯಾವಾಗ ಬಂದಳು ಎಂದು.

ನನಗೆ ತಿಳಿಯದೆ ಏನು? ಬೇಸಿಗೆಯಲ್ಲಿ ಬಾಗಿಲಿಗೆ ಬೇವು ಕಟ್ಟಿದರೆ ಒಳಗೆ ಸಿಡುಬು ಎದ್ದಿದೆ ಎಂದರ್ಥ, ಅಮ್ಮ ಬಂದಿದ್ದಾಳೆ ಎಂದರ್ಥ. ನಮ್ಮಲ್ಲೂ ಹಾಗೇ. ಇಲ್ಲಿ ಅಮ್ಮೋರು ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಅಲ್ಲ ಕಣವ್ವ, ತಂಪಿಗೆ ಕಟ್ಟಿದ್ದು ಎಂದು ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಿರುಗಿ, ಓಡಿ ಬರುತ್ತಿದ್ದ ಮಕ್ಕಳಿಗೆ ಕೈಸನ್ನೆ ಮಾಡಿದಳು. ಮಕ್ಕಳು ಅಲ್ಲೇ ನಿಂತವು. ಎದುರು ಮನೆಯಲ್ಲಿ ಒನಕೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಆ ಮೌನ ನನ್ನ ಕಿವಿಗೆ ಬಿತ್ತು. ನಾನು ತೆರೆದ ಬಾಯಿ ಮುಚ್ಚಿದೆ.

ಅಮ್ಮ ಬಂದ ಓಣಿಯಲ್ಲಿ ಕೂಗುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಕುಟ್ಟುವಂತಿಲ್ಲ, ಬೀಸುವಂತಿಲ್ಲ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಅವತ್ತು ನಮ್ಮ ಮನೆಯವರು ಆರು ತಾಸು ನಿದ್ದೆ ಮಾಡಿದರು. ಎದ್ದಾಗ ಮುಖದಲ್ಲಿ ಮದುವೆಯ ದಿನದ ಕಳೆಯಿತ್ತು. ಇವತ್ತೇನು ಓಣಿಯಲ್ಲಿ ಯಾರೂ ಇಲ್ಲವೇ ಎಂದರು. ಇದ್ದಾರೆ, ಬುದ್ಧಿ ಬಂದಿದೆ ಎಂದೆ. ಓಣಿ ಮಲಗಿದ ಮೇಲೆ ಹೋಗಿ ಬೆಳಿಗ್ಗೆ ಹಿತ್ತಲ ಕಡೆಯಿಂದ ಬರುವ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಎರಡನೆಯ ದಿನ ಒಣಗಿದ ಬೇವು ತೆಗೆದು ಹಸಿಯದನ್ನು ಕಟ್ಟಿದೆ. ಈಗ ಅದು ತಂಪಿಗೆ ಕಟ್ಟಿದ್ದೆಂದು ನನಗೆ ನಾನೇ ಹೇಳಿಕೊಳ್ಳುವ ಹಾಗಿರಲಿಲ್ಲ. ತಾಯೀ, ನಿನ್ನ ಹೆಸರನ್ನು ನಾಲ್ಕು ದಿನ ಕಡ ಕೊಡು ಎಂದು ಮನಸ್ಸಿನಲ್ಲೇ ಬೇಡಿದೆ. ಭಯವೂ ಆಯಿತು. ಆದರೂ ಕಟ್ಟಿದೆ.

ಮೂರನೆಯ ದಿನ ನಡು ಮಧ್ಯಾಹ್ನ ಹಿತ್ತಲಿಗೆ ಹೋದವಳು ಈರಮ್ಮನನ್ನು ಕಂಡೆ. ಬಾವಿಯಿಂದ ಕೊಡ ತುಂಬಿ, ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಕಾದ ನೆಲದ ಮೇಲೆ ನಡೆದು ಹೋಗಿ ಬೇವಿನ ಮರದ ಬುಡಕ್ಕೆ ಸುರಿಯುತ್ತಿದ್ದರು. ಸುರಿದು ಮತ್ತೆ ಬಾವಿಗೆ. ತುಟಿ ಅಲ್ಲಾಡುತ್ತಿತ್ತು. ಅಂಗಾಲಿಗೆ ಬೊಬ್ಬೆ ಬಂದು ಹಿಮ್ಮಡಿಯ ಮೇಲೆ ನಡೆಯುತ್ತಿದ್ದರು. ಯಾರಿಗೆ ಈ ಹರಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಬಾಗಿಲು ಮುಚ್ಚಿದ್ದಕ್ಕೆ ನನ್ನ ಮೇಲೆ ದಿನವೂ ಗೊಣಗುತ್ತಿದ್ದ ಮುದುಕಿ, ನನ್ನ ಗಂಡ ಉಳಿಯಲಿ ಎಂದು ಒಂಬತ್ತು ದಿನದ ಹರಕೆ ಹೊತ್ತಿದ್ದರು. ಒಂದು ಹೊತ್ತು ಮಾತ್ರ ಊಟವೆಂದು ಆಮೇಲೆ ತಿಳಿಯಿತು. ನಾನು ಕಳ್ಳಿಯ ಹಾಗೆ ಒಳಗೆ ಬಂದೆ. ಅವತ್ತೂ ಬೇವು ಬಿಚ್ಚಲಿಲ್ಲ. ನಾಚಿಕೆಯಾಯಿತು, ಆದರೆ ಒಳಗೆ ಅವರು ಹಾಯಾಗಿ ಉಸಿರಾಡುತ್ತಿದ್ದರು.

ಆ ರಾತ್ರಿ ಹತ್ತೂವರೆಗೆ ಹೋದವರು ಹನ್ನೊಂದೂವರೆಗೇ ತಿರುಗಿ ಬಂದರು. ಮಿಲ್ಲಿನ ಗೇಟಿನಲ್ಲಿ ತಡೆದರಂತೆ. ನಿಮ್ಮ ಮನೆಯಲ್ಲಿ ಅಮ್ಮ ಬಂದಾಳಂತೆ, ಇಪ್ಪತ್ತೊಂದು ದಿನ ಈ ಕಡೆ ಬರಬೇಡ, ಆಮೇಲೆ ಜಾಗ ಇದ್ದರೆ ನೋಡೋಣ ಎಂದರಂತೆ. ಅವರು ಲಾಂದ್ರ ಎತ್ತಿ ಬಾಗಿಲಿನ ಬೇವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಇದನ್ನ ಯಾರು ಕಟ್ಟಿದರು ಎಂದು ಕೇಳಿದರು. ನಾನೇ, ತಂಪಿಗೆ ಎಂದೆ.

“ತಂಪಿಗೆ ಕಟ್ಟಿದ್ದು ಮೂರು ದಿನ ಆಯ್ತಲ್ಲ. ಇವತ್ತು ಯಾಕೆ ಇದೆ?”

ನನ್ನ ಗಂಡ ಸಿಟ್ಟು ಮಾಡುವವರಲ್ಲ. ಮಾಡಿದ್ದರೆ ನಾನೂ ತಿರುಗಿಸಿ ಮಾಡಿ ಹಗುರಾಗುತ್ತಿದ್ದೆ. ಎಲ್ಲ ಹೇಳಿದೆ. ಅವರು ಚಾಪೆಯ ಮೇಲೆ ಒರಗಿದರು. ಊರೆಲ್ಲ ಮಲಗಿತ್ತು. ಸೊಳ್ಳೆಯ ಸದ್ದು ಬಿಟ್ಟು ಸದ್ದಿರಲಿಲ್ಲ. ಇಷ್ಟು ದಿನ ನಾನು ಹಗಲಿನಲ್ಲಿ ಹುಡುಕಿದ ಮೌನ ಅಲ್ಲಿ ಬೇಕಾದಷ್ಟು ಬಿದ್ದಿತ್ತು. ಅವರ ಮೈ ಮಾತ್ರ ರಾತ್ರಿಯನ್ನು ಮರೆತಿತ್ತು. ಇಬ್ಬರೂ ಬೆಳಗಿನವರೆಗೆ ಮಾಳಿಗೆಯ ತೊಲೆ ನೋಡುತ್ತ ಬಿದ್ದುಕೊಂಡಿದ್ದೆವು. ಕೆಲಸ ಉಳಿಸಲು ಹೊರಟವಳು ನಾನೇ ಕೆಲಸ ಕಳೆದಿದ್ದೆ.

ಬೆಳಗಾಯಿತು. ನಾನು ಬೇವು ಕಿತ್ತೆಸೆದು, ಬಾಗಿಲು ಪೂರಾ ತೆರೆದಿಟ್ಟು, ಬಾವಿಕಟ್ಟೆಗೆ ಹೋದೆ. ಓಣಿಯ ಹೆಂಗಸರೆಲ್ಲ ಅಲ್ಲಿದ್ದರು. ಹುಸೇನ್‌ಬಿ ಇದ್ದಳು. ಈರಮ್ಮ ನಾಲ್ಕನೆಯ ದಿನದ ಕೊಡ ತುಂಬುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ಎರಡು ಹೆಜ್ಜೆ ಸರಿದರು. ಅಮ್ಮ ಬಂದಿಲ್ಲ, ಮೊದಲ ದಿನವೂ ಬಂದಿರಲಿಲ್ಲ, ನೀವು ತಪ್ಪು ತಿಳಿದಿರಿ, ನಾನು ತಿದ್ದಲಿಲ್ಲ, ನಿದ್ದೆಗೆಟ್ಟರೆ ಯಂತ್ರದಲ್ಲಿ ಬೆರಳು ಹೋಗುತ್ತವೆ, ನಮ್ಮ ಮನೆಯವರಿಗೆ ನಿದ್ದೆ ಬೇಕಾಗಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಯಾರೋ ಥೂ ಎಂದರು. ಯಾರೋ ಗಲ್ಲ ಬಡಿದುಕೊಂಡರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಅಳು ಬರುತ್ತಿತ್ತು, ಅವರ ಮುಂದೆ ಅಳುವುದು ನನಗೆ ಬೇಕಾಗಿರಲಿಲ್ಲ.

ಮೊದಲು ಮಾತಾಡಿದ್ದು ಹುಸೇನ್‌ಬಿ. ಮೂರು ದಿನದಿಂದ ಅವಳ ಒರಳು ಸುಮ್ಮನಿತ್ತು, ಒಲೆಯೂ ಸುಮ್ಮನಿತ್ತು. ನನ್ನ ಗಂಡನ ನಿದ್ದೆ ಅವಳ ಊಟದಿಂದ ಬಂದಿತ್ತು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲೇ ಇಲ್ಲ.

“ನಂದು ಹೊಟ್ಟಿ ಐತಿ, ನಿಂದು ನಿದ್ದಿ ಐತಿ,” ಅಂದಳು. “ಯಾವ್ದು ದೊಡ್ಡದು, ನೀನೇ ಹೇಳು.”

ಎರಡೂ ದೊಡ್ಡದೇ ಎಂದೆ.

ಈರಮ್ಮ ಕೊಡ ಇಳಿಸಿ ಕಟ್ಟೆಯ ಮೇಲೆ ಕೂತರು. ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಬೈಯುತ್ತಾರೆ, ಮನೆ ಬಿಡು ಅನ್ನುತ್ತಾರೆ ಎಂದು ನಾನು ಕಾದೆ.

“ನಿದ್ದಿ ಬೇಕಂತ ಒಂದ್ಸಲನೂ ಕೇಳಲಿಲ್ಲ ನೀ. ಬರೇ ಬೈದಿ,” ಅಂದರು.

ಆಗ ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. “ಕೇಳಿದ್ದರೆ ಕೊಡ್ತಿದ್ದಿರೇನು?” ಎಂದೆ.

ಈರಮ್ಮ ಅಂಗಾಲಿನಿಂದ ಕೈ ತೆಗೆದು ನನ್ನನ್ನು ನೋಡಿದರು. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ.

“ಇಲ್ಲ,” ಅಂದರು. “ಕೊಡ್ತಿದ್ದಿಲ್ಲ. ಹಗಲು ಮಕ್ಕೊಳ್ಳೋನು ಸೋಂಬೇರಿ ಅಂತಿದ್ವಿ. ಬೆರಳು ಹೋಗ್ತಾವಂತ ಯಾರಿಗ ಗೊತ್ತಿತ್ತು?”

ಆ ಒಂದು ‘ಇಲ್ಲ’ಕ್ಕೆ ನಾನು ಸೋತೆ. ಅವತ್ತಿನವರೆಗೆ ಆದೋನಿಯಲ್ಲಿ ನನ್ನ ಜೊತೆ ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ. ಅಮ್ಮನ ಹೆಸರಿನಲ್ಲಿ ಸುಳ್ಳಾಡಿದ್ದಕ್ಕೆ ಅವರೇ ದಂಡ ಹಾಕಿದರು. ಮೂರು ದಿನ ಅವರು ನೀರು ಹೊಯ್ದಾಗಿತ್ತು, ಉಳಿದ ಆರು ದಿನ ನಾನು ಹೊಯ್ಯಬೇಕು, ಬರಿಗಾಲಲ್ಲಿ, ಅದೇ ಬಿಸಿಲಿನಲ್ಲಿ, ಓಣಿಯ ಮಕ್ಕಳಿಗೆ ಅಮ್ಮ ನಿಜವಾಗಿ ಬಾರದಿರಲಿ ಎಂದು. ಹೊಯ್ಯುತ್ತೇನೆ ಎಂದೆ. ಆದರೆ ನನ್ನದೂ ಒಂದು ಮಾತಿದೆ ಎಂದೆ. ಮಧ್ಯಾಹ್ನ ಎರಡು ಗಂಟೆಗೆ ಮಿಲ್ಲಿನ ಸೈರನ್ನು ಕೂಗುವವರೆಗೆ ಓಣಿಯಲ್ಲಿ ಕುಟ್ಟಬಾರದು, ಕೂಗಬಾರದು, ನನ್ನ ಬಾಗಿಲು ಮುಚ್ಚಿದ್ದರೆ ಯಾರೂ ಬಡಿಯಬಾರದು. ಈ ಸ್ಥಿತಿಯಲ್ಲೂ ಇವಳ ಬಾಯಿ ನೋಡು ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಹುಸೇನ್‌ಬಿ ಮಾತ್ರ, ಮಧ್ಯಾಹ್ನದ ಮೇಲೆ ಕುಟ್ಟತೊಡಗಿದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುವುದಿಲ್ಲ ಎಂದಳು. ಇನ್ನೊಂದು ಒನಕೆ ತಾ, ನಾನು ಬರುತ್ತೇನೆ ಎಂದೆ.

ಆ ಬೆಳಿಗ್ಗೆಯೇ ಈರಮ್ಮ ಬೊಬ್ಬೆ ಬಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ನಮ್ಮ ಮನೆಯವರ ಜೊತೆ ಮಿಲ್ಲಿನ ಗೇಟಿಗೆ ಹೋದರು. ಮನೆ ನಂದು, ಮರ ನಂದು, ಬೇವು ತಂಪಿಗೆ ಕಟ್ಟಿದ್ದು, ಒಳಗೆ ಯಾರಿಗೂ ಏನೂ ಆಗಿಲ್ಲ ಎಂದು ಅಲ್ಲಿನ ಗುಮಾಸ್ತನಿಗೆ ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದರಂತೆ. ಇವರ ಅಂಗಿ ಬಿಚ್ಚಿಸಿ ಬೆನ್ನು ತೋರಿಸಿದರಂತೆ. ಗುಮಾಸ್ತ ದೂರದಿಂದಲೇ ನೋಡಿ, ಸರಿ, ರಾತ್ರಿ ಬಾ ಅಂದನಂತೆ. ಮನೆಗೆ ಬಂದ ಮೇಲೆ ಇವರು ಇಷ್ಟನ್ನೂ ಹೇಳಿ ಬಹಳ ದಿನಗಳ ಮೇಲೆ ನಕ್ಕರು.

ಆರು ದಿನ ನೀರು ಹೊಯ್ದೆ. ಅಂಗಾಲು ಸುಟ್ಟು ತೊಗಲೆದ್ದಿತು, ಯಾರಿಗೂ ತೋರಿಸಲಿಲ್ಲ. ಎರಡರ ಸೈರನ್ನು ಕೂಗಿದ ಮೇಲೆ ಹುಸೇನ್‌ಬಿಯ ಒರಳಿಗೆ ಎದುರುಬದುರು ನಿಂತು ಕುಟ್ಟುವುದನ್ನು ಕಲಿತೆ. ಅವಳ ಒನಕೆ ಏಳುವಾಗ ನನ್ನದು ಇಳಿಯಬೇಕು, ಒಂದು ಚಣ ತಪ್ಪಿದರೆ ಎರಡೂ ಬಡಿದುಕೊಳ್ಳುತ್ತವೆ. ಕಣ್ಣು, ಮೂಗು, ಗಂಟಲು ಉರಿಯುತ್ತಿದ್ದವು. ಮೊದಲ ವಾರ ಇಬ್ಬರೂ ಮಾತಾಡದೆ ಕುಟ್ಟಿದೆವು. ಎರಡನೆಯ ವಾರ ಅವಳು ನನ್ನ ತೆಲುಗನ್ನು ತಿದ್ದತೊಡಗಿದಳು, ನಾನು ಅವಳ ಕನ್ನಡವನ್ನು. ಈಗ ಸಂತೆಯಲ್ಲಿ ನಾನು ತೆಲುಗಿನಲ್ಲಿ ಚೌಕಾಶಿ ಮಾಡಿದರೆ ಅದು ಸಾಬರ ತೆಲುಗು ಎಂದು ಜನ ನಗುತ್ತಾರೆ.

ಓಣಿ ಮಾತು ಉಳಿಸಿಕೊಂಡಿತು. ಹಾಗೆಂದು ನಾನು ಕಾವಲು ಬಿಡಲಿಲ್ಲ. ನಂಬಿಕೆ ಬೇಗ ಬರುವ ಹೆಣ್ಣಲ್ಲ ನಾನು. ಬಡಿಗೆ ಹಿಡಿದು ಹೊಸ್ತಿಲಲ್ಲಿ ಕೂರುವುದು ನಡೆದೇ ಇತ್ತು, ರಾತ್ರಿ ಎಚ್ಚರವಿರುವುದೂ ನಡೆದೇ ಇತ್ತು. ಒಂದು ದಿನ ಕೂತಲ್ಲೇ ಜೋಲಿ ಹೊಡೆದು ತಲೆ ಚೌಕಟ್ಟಿಗೆ ತಾಗಿತು. ಕಣ್ಣು ಬಿಟ್ಟರೆ ಈರಮ್ಮ ಎದುರಿಗಿದ್ದರು. ನನ್ನ ಕೈಯಲ್ಲಿದ್ದ ಬಡಿಗೆ ಅವರ ಕೈಯಲ್ಲಿತ್ತು. ಕೊಡಿ ಇಲ್ಲಿ ಎಂದು ಸಿಡುಕಿದೆ. ಕೊಡಲಿಲ್ಲ.

“ಅವ ಹಗಲು ಮಕ್ಕೊಂತಾನ. ನೀ ಯಾವಾಗ ಮಕ್ಕೊಂತಿ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. ನನ್ನ ಗಂಡ ಕೇಳಿರಲಿಲ್ಲ, ತವರಿನಿಂದ ಬಂದ ಕಾಗದಗಳಲ್ಲಿ ಇರಲಿಲ್ಲ, ನಾನೂ ನನಗೆ ಕೇಳಿಕೊಂಡಿರಲಿಲ್ಲ. ನನಗೇನೂ ಆಗಿಲ್ಲ, ನನಗೆ ನಿದ್ದೆ ಬೇಡ ಎಂದೆ. ಈರಮ್ಮ ಹೊಸ್ತಿಲ ಮೇಲೆ ನನ್ನ ಜಾಗದಲ್ಲಿ ಕಾಲು ಚಾಚಿ ಕೂತರು.

“ಒಳಗ ಹೋಗು,” ಅಂದರು. “ಬಾಕ್ಲ ಹಾಕ್ಕೋ. ನಾ ಅದೀನಿ.”

ಬಾಗಿಲು ಮುಚ್ಚಿದ್ದಕ್ಕೆ ಸತ್ತವರು ಯಾರು ಎಂದು ಕೇಳಲು ಬಂದಿದ್ದ ಹೆಂಗಸು, ತಾವೇ ನನಗೆ ಬಾಗಿಲು ಮುಚ್ಚಿಕೋ ಎಂದರು. ನಾನು ಮುಚ್ಚಿದೆ. ನಮ್ಮ ಮನೆಯವರ ಪಕ್ಕದಲ್ಲಿ ನೆಲದ ಮೇಲೆ ಬಿದ್ದವಳಿಗೆ ಸೈರನ್ನು ಕೂಗಿದ್ದು ಕೂಡ ಕೇಳಿಸಲಿಲ್ಲ. ಅಂದಿನಿಂದ ಇಂದಿನವರೆಗೆ, ಹೊಲದ ಕೆಲಸವಿಲ್ಲದ ದಿನಗಳಲ್ಲಿ ಈರಮ್ಮ ಅಲ್ಲೇ ಕೂತು ಅಕ್ಕಿಯ ಕಲ್ಲು ಆರಿಸುತ್ತಾರೆ. ಅವರಿಲ್ಲದ ದಿನ ಹುಸೇನ್‌ಬಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂರುತ್ತಾಳೆ. ಬಳೆಯವನು ಓಣಿಗೆ ಬಂದರೆ ಬುಟ್ಟಿಯನ್ನು ಎದೆಗೆ ಅವಚಿಕೊಂಡು ದಾಟುತ್ತಾನೆ.

ನಾವು ಬಂದಾಗ ಈ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಗೆರೆ ಎಳೆದು ಕರ್ನೂಲು ಜಿಲ್ಲೆ ಎಂದರು, ಆಂಧ್ರ ಎಂದರು. ನಮ್ಮಣ್ಣ ಇನ್ನೂ ಬಳ್ಳಾರಿ ಜಿಲ್ಲೆ ಎಂದೇ ವಿಳಾಸ ಬರೆಯುತ್ತಾನೆ, ಕಾಗದಗಳು ಸುತ್ತಾಡಿ ತಡವಾಗಿ ಬರುತ್ತವೆ. ನೀನು ಈಗ ಯಾವ ರಾಜ್ಯದವಳು ಎಂದು ತವರಿನಲ್ಲಿ ಹಾಸ್ಯ ಮಾಡುತ್ತಾರೆ. ಇಲ್ಲಿ ಇಷ್ಟು ವರ್ಷದ ಮೇಲೂ ನಾನು ದಾವಣಗೆರಿಯಾಕಿಯೇ. ಎರಡಕ್ಕೂ ನಾನು ಜಗಳವಾಡುತ್ತೇನೆ, ಜಗಳ ನನಗೆ ಒಗ್ಗುತ್ತದೆ.

ಹೋದ ಬೇಸಿಗೆಯಲ್ಲಿ ಅಣ್ಣನ ಮಗುವಿನ ನಾಮಕರಣಕ್ಕೆ ಒಬ್ಬಳೇ ದಾವಣಗೆರೆಗೆ ಹೋಗಿದ್ದೆ. ಕೈಯೊಡ್ಡಿ ಅಲ್ಲ, ಮಗುವಿಗೆ ಬೆಳ್ಳಿಯ ಕಾಲ್ಗಡಗ ತೆಗೆದುಕೊಂಡು. ಮಧ್ಯಾಹ್ನ ಊಟವಾದ ಮೇಲೆ ಅವ್ವ ನನ್ನ ಕಣ್ಣು ನೋಡಿ, ಒಳಗೆ ತಣ್ಣಗಿದೆ, ಮಲಗು ಎಂದಳು. ನಾನು ಹುಟ್ಟಿದ ಕೋಣೆ. ಅವ್ವನೇ ಚಾಪೆ ಹಾಸಿ ಬಾಗಿಲು ಮುಂದಕ್ಕೆ ಎಳೆದು ಹೋದಳು. ನಮ್ಮ ಸಾಲು ಗೊತ್ತಲ್ಲ, ಅರ್ಧಕ್ಕರ್ಧ ರಾತ್ರಿ ಪಾಳಿಯ ಮನೆಗಳು, ಒಂದು ನಾಯಿಯೂ ಬೊಗಳುವುದಿಲ್ಲ. ಒಂದು ತಾಸು ಹೊರಳಾಡಿದೆ. ಮಗ್ಗುಲು ಬದಲಿಸಿದೆ, ಮುಸುಕು ಹಾಕಿದೆ, ತೆಗೆದೆ. ಕೊನೆಗೆ ಎದ್ದು ಹೋಗಿ ಬಾಗಿಲು ತೆರೆದು ಹೊಸ್ತಿಲು ನೋಡಿದೆ. ಅಲ್ಲಿ ಯಾರೂ ಕೂತಿರಲಿಲ್ಲ.